ಹಿತ್ತಿಲಲ್ಲಿ ಮಾರ್ನಿಂಗ್ ಗ್ಲೋರಿ

ಮನುಷ್ಯನಿಗೆ ಹೂವಿನ ಮೇಲಿರುವ ಮೋಹ ಇಂದು ನಿನ್ನೆಯದಲ್ಲ. ಪೂಜೆಗೆಂದು, ಮುಡಿಯುವುದಕ್ಕೆಂದು, ಮಾರಾಟಕ್ಕೆಂದು ಹೂ ಬೆಳೆಯುವವರು ನಮ್ಮ ನಾಡಿನಲ್ಲಿ ಎಲ್ಲೆಲ್ಲೂ ಇದ್ದಾರೆ. ಆದರೆ ಮುಡಿಯಲು ಬಾರದ, ಮಾಲೆಗೆ ಒದಗದ, ಕಿತ್ತು ಬುಟ್ಟಿಗೆ ಹಾಕುವಷ್ಟರಲ್ಲಿ ಬಾಡುವ, ಹೇಳಿಕೊಳ್ಳುವಂಥ ಸುವಾಸನೆಯೂ ಇಲ್ಲದ ಹೂವೊಂದನ್ನು ಯಾರಾದರೂ ಏಕೆ ಬೆಳೆಯಬೇಕು? ಈ ಪ್ರಶ್ನೆಯನ್ನು ನನಗೆ ಮೊದಲು ಹಾಕಿದವರು ನನ್ನ ಅಜ್ಜಿ. "ಮಧ್ಯಾಹ್ನಕ್ಕೆ ಮುದುಡಿಹೋಗೋ ಹೂವಿಗೆ ಇಷ್ಟು ಉಪಚಾರವೇ ಮಗೂ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷ ಬೆಳೆದ ಮೇಲೆ ಅಲ್ಪಸ್ವಲ್ಪ ಉತ್ತರ ದೊರೆತಿದೆ. ಅದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಸಸ್ಯಶಾಸ್ತ್ರ ನನ್ನ ಪಠ್ಯವಿಷಯವಲ್ಲ. ಆದುದರಿಂದ ಇಲ್ಲಿ ಪಾಂಡಿತ್ಯವನ್ನು ಯಾರೂ ನಿರೀಕ್ಷಿಸಬಾರದು. ಕೈಯಲ್ಲಿ ಮಾಡಿ ಕಂಡದ್ದು, ಕಂಡದ್ದಕ್ಕೆ ಕಾರಣ ಹುಡುಕಿ ಓದಿದ್ದು, ಇವೆರಡೇ ಇಲ್ಲಿರುವುದು.

ಹೆಸರು ಮತ್ತು ಕುಲ

ಮಾರ್ನಿಂಗ್ ಗ್ಲೋರಿ ಎಂಬುದು ಒಂದೇ ಗಿಡದ ಹೆಸರಲ್ಲ. ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವ ಹಲವು ಬಳ್ಳಿಗಳಿಗೆ ಅದು ಸಾಮಾನ್ಯವಾದ ಹೆಸರು. ಇವೆಲ್ಲ ಕನ್ವಾಲ್ವುಲೇಸೀ ಎಂಬ ಕುಟುಂಬಕ್ಕೆ ಸೇರಿದವು. ಲ್ಯಾಟಿನ್ ಭಾಷೆಯಲ್ಲಿ ಸುತ್ತಿಕೊಳ್ಳುವುದು ಎಂಬರ್ಥದ ಪದದಿಂದ ಆ ಹೆಸರು ಬಂದಿದೆ. ತೋಟಗಳಲ್ಲಿ ಬೆಳೆಯುವ ಬಗೆಗಳಲ್ಲಿ ಹೆಚ್ಚಿನವು ಐಪೋಮಿಯ ಎಂಬ ಜಾತಿಯವು. ಇದು ಗ್ರೀಕ್ ಮೂಲದ ಪದ. ಹುಳುವಿನಂತೆ ತೆವಳುವುದು ಎಂಬ ಭಾವ ಅದರಲ್ಲಿದೆ.

ಈ ಕುಟುಂಬ ನಮಗೆ ಅಪರಿಚಿತವೇನೂ ಅಲ್ಲ. ಬೆಳಗಾವಿಯ ಕಡೆ ಹೊಲಹೊಲಗಳಲ್ಲಿ ಬೆಳೆಯುವ ಗೆಣಸು ಐಪೋಮಿಯದ ಒಂದು ಬಗೆಯೇ. ಗೆಣಸಿನ ಹೊಲದಲ್ಲಿ ಹೂ ಕಂಡವರಿಗೆ ಈ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಕರಾವಳಿಯ ಮರಳ ಮೇಲೆ ಹಬ್ಬುವ ಅಡುಂಬು ಬಳ್ಳಿ, ಬೇಲಿಗಳ ಮೇಲೆ ಕೆಂಪು ನಕ್ಷತ್ರಗಳನ್ನು ಚೆಲ್ಲುವ ಕಾಮಲತೆ, ಇವೂ ಅದೇ ಮನೆತನದವು. ಹುಲ್ಲಿನ ನಡುವೆ ನೀಲಿ ಚುಕ್ಕೆಯಂತೆ ಕಾಣುವ ವಿಷ್ಣುಕ್ರಾಂತಿ ಸ್ವಲ್ಪ ದೂರದ ದಾಯಾದಿ.

ಮನೆಯಂಗಳಕ್ಕೆ ಒಗ್ಗುವಂಥವು ಮುಖ್ಯವಾಗಿ ಮೂರು. ಮೊದಲನೆಯದು ಐಪೋಮಿಯ ನಿಲ್. ಎಲೆ ಸಾಮಾನ್ಯವಾಗಿ ಮೂರು ಹಾಲೆಯಾಗಿದ್ದು ರೋಮದಿಂದ ಕೂಡಿರುತ್ತದೆ. ಇದರ ಹೆಸರಿನ 'ನಿಲ್' ಅರಬ್ಬಿಯಲ್ಲಿ ನೀಲಿಯನ್ನು ಸೂಚಿಸುವ ಪದ. ಅದಾದರೂ ಅಲ್ಲಿಗೆ ಹೋದದ್ದು ನಮ್ಮ ಸಂಸ್ಕೃತದ 'ನೀಲ'ದಿಂದ. ಎರಡನೆಯದು ಐಪೋಮಿಯ ಪರ್ಪ್ಯೂರಿಯ. ಎಲೆ ಹೆಚ್ಚಾಗಿ ಹೃದಯದ ಆಕಾರ. ಹೂ ನೇರಳೆ, ಗುಲಾಬಿ, ಬಿಳಿ ಬಣ್ಣಗಳಲ್ಲಿರುತ್ತದೆ. ಮೂರನೆಯದು ಐಪೋಮಿಯ ಟ್ರೈಕಲರ್. 'ಹೆವನ್ಲಿ ಬ್ಲೂ' ಎಂದು ಬೀಜದ ಪೊಟ್ಟಣಗಳ ಮೇಲೆ ಕಾಣುವ ಆಕಾಶನೀಲಿ ಹೂವು ಇದರದೇ. ಎರಡನೆಯದೂ ಮೂರನೆಯದೂ ಅಮೆರಿಕ ಖಂಡದ ಬೆಚ್ಚನೆಯ ಸೀಮೆಗಳಿಂದ ಜಗತ್ತಿಗೆ ಹರಡಿದಂಥವು.

ಹೂವಿನ ರಚನೆಯನ್ನು ಒಮ್ಮೆ ಗಮನಿಸಬೇಕು. ಐದು ಎಸಳುಗಳು ಒಂದಕ್ಕೊಂದು ಬೆಸೆದು ಒಂದು ಆಲಿಕೆಯಾಗಿವೆ. ಅಂಚಿನಲ್ಲಿ ಬಿಡಿ ಎಸಳು ಕಾಣುವುದಿಲ್ಲ. ಆದರೆ ಒಳಗೆ ಇಣುಕಿದರೆ ಐದು ಮಡಿಕೆಗಳು ಸೇರಿ ನಕ್ಷತ್ರವೊಂದು ಮೂಡಿರುವುದು ಕಾಣುತ್ತದೆ. ಮೊಗ್ಗಿನಲ್ಲಿ ಇವೇ ಮಡಿಕೆಗಳು ಕೊಡೆಯಂತೆ ಸುರುಳಿ ಸುತ್ತಿಕೊಂಡಿರುತ್ತವೆ.

ಮೊದಲ ವರ್ಷದ ಸೋಲು

ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. ಓದುಗರಿಗೆ ನನ್ನ ಗೆಲುವಿಗಿಂತ ಅವುಗಳಿಂದಲೇ ಹೆಚ್ಚು ಉಪಯೋಗವಾದೀತು.

ಜೂನ್ ತಿಂಗಳಲ್ಲಿ ಇಪ್ಪತ್ತು ಬೀಜಗಳನ್ನು ಹಾಗೆಯೇ ಮಣ್ಣಿಗೆ ಹಾಕಿದೆ. ಮೊಳೆತದ್ದು ನಾಲ್ಕು. ಅವು ಒತ್ತಾಗಿವೆಯೆಂದು ಕಿತ್ತು ಬೇರೆ ಕಡೆ ನೆಟ್ಟೆ. ಎರಡು ಸತ್ತವು. ಉಳಿದ ಎರಡಕ್ಕೆ ಪ್ರೀತಿ ಹೆಚ್ಚಾಗಿ ವಾರಕ್ಕೊಮ್ಮೆ ಯೂರಿಯಾ ಹಾಕಿದೆ. ಎಲೆಗಳು ಅಂಗೈ ಮೀರಿ ಬೆಳೆದವು. ಜಗುಲಿಯ ದಪ್ಪನೆಯ ಕಂಬವನ್ನು ತೋರಿಸಿ ಹತ್ತು ಎಂದರೆ ಹತ್ತಲಿಲ್ಲ; ನೆಲದ ಮೇಲೆ ಗೋಜಲು ಗೋಜಲಾಗಿ ಬಿದ್ದುಕೊಂಡವು. ಸೆಪ್ಟೆಂಬರ್ ಮುಗಿದರೂ ಒಂದು ಮೊಗ್ಗಿಲ್ಲ. ಗೇಟಿನ ಬಳಿ, ಬೀದಿದೀಪದ ಕೆಳಗೇ ಆ ಪಾತಿ ಇತ್ತು. ರಾತ್ರಿಯೂ ಬೆಳಕು ಸಿಗುವುದು ಗಿಡದ ಭಾಗ್ಯವೆಂದೇ ನಾನು ತಿಳಿದಿದ್ದೆ! ಒಂದು ದಿನ ಮನೆಗೆ ಬಂದ ನೆಂಟರು "ಗೆಣಸು ಚೆನ್ನಾಗಿ ಹಬ್ಬಿದೆ, ಯಾವಾಗ ಅಗೆಯುತ್ತೀರಿ?" ಎಂದು ಕೇಳಿದರು. ಅಂದೇ ಅದನ್ನು ಕಿತ್ತುಹಾಕಿದೆ.

ಈ ಒಂದೊಂದು ಸೋಲಿಗೂ ಕಾರಣವಿತ್ತು.

ಬೀಜ ಮತ್ತು ಬಿತ್ತನೆ

ಈ ಬಳ್ಳಿಯ ಬೀಜಕ್ಕೆ ಗಟ್ಟಿಯಾದ ಸಿಪ್ಪೆಯುಂಟು. ನೀರು ಒಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಪ್ರಕೃತಿಯಲ್ಲಿ ಇದೊಂದು ರಕ್ಷಣೆ. ಎಲ್ಲ ಬೀಜಗಳೂ ಮೊದಲ ಮಳೆಗೇ ಮೊಳೆತು, ಮಳೆ ಕೈಕೊಟ್ಟರೆ ಎಲ್ಲವೂ ಒಟ್ಟಿಗೆ ಸಾಯುವ ಅಪಾಯ ಇದರಿಂದ ತಪ್ಪುತ್ತದೆ. ತೋಟಗಾರನಿಗೆ ಮಾತ್ರ ಇದು ತೊಡಕು. ಆದುದರಿಂದ ಬೀಜದ ದುಂಡಾದ ಬೆನ್ನನ್ನು ಒಂದು ಅರದಿಂದ ಮೆಲ್ಲಗೆ ಉಜ್ಜಿ, ಒಳಗಿನ ತೆಳುಬಣ್ಣ ಕಾಣುವಷ್ಟು ಸಿಪ್ಪೆ ಸವೆಸಬೇಕು. ಚೂಪಾದ ಮೂತಿಯ ಕಡೆ, ಕಣ್ಣಿನಂತಿರುವ ಗುರುತಿನ ಬಳಿ ಉಜ್ಜಬಾರದು. ಮೊಳಕೆಯ ಬೇರು ಇರುವುದು ಆ ಕಡೆ. ಅನಂತರ ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಉಬ್ಬಿದ ಬೀಜವನ್ನು ಮರುದಿನವೇ ಬಿತ್ತತಕ್ಕದ್ದು. ಉಬ್ಬದಿದ್ದುದನ್ನು ಮತ್ತೊಮ್ಮೆ ಉಜ್ಜಿ ನೆನೆಸಬಹುದು. ಎರಡನೆಯ ವರ್ಷ ಹೀಗೆ ಮಾಡಿ ಇಪ್ಪತ್ತರಲ್ಲಿ ಹದಿನೇಳು ಮೊಳೆತುದನ್ನು ಕಂಡೆ.

ಬಿತ್ತನೆಯ ಆಳ ಅರ್ಧ ಅಂಗುಲ ಸಾಕು. ವಾರದ ಆಚೀಚೆ ಮೊಳಕೆ ಬರುತ್ತದೆ. ಮೊದಲ ಎರಡು ಬೀಜದೆಲೆಗಳು ನಡುವೆ ಸೀಳಿಕೊಂಡು ಚಿಟ್ಟೆಯ ರೆಕ್ಕೆಗಳಂತೆ ಇರುತ್ತವೆ. ಇದರ ತಾಯಿಬೇರಿಗೆ ಕದಲಿಸುವುದು ಸೇರದು. ಎಲ್ಲಿ ಬೆಳೆಯಬೇಕೋ ಅಲ್ಲಿಯೇ ಬಿತ್ತುವುದು ಉತ್ತಮ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದಡಿ ಅಂತರವಿರಲಿ. ಒಂದಡಿ ಬಾಯಿಯ ಕುಂಡವಾದರೆ ಎರಡು ಸಸಿ ಸಾಕು. ಸಸಿಮಾಡಿ ನೆಡಲೇಬೇಕಾದರೆ ಕಾಗದದ ಲೋಟದಲ್ಲಿ ಬೆಳೆಸಿ, ಲೋಟದ ತಳ ಹರಿದು ಮಣ್ಣಿನೊಡನೆಯೇ ಇಳಿಸಬೇಕು.

ಆಸರೆ

ಬಳ್ಳಿಗಳಲ್ಲಿ ಹತ್ತುವ ಬಗೆ ಹಲವು. ಹೀರೆ, ಸೋರೆಗಳು ಕುಡಿಬಳ್ಳಿಗಳಿಂದ ಹಿಡಿದು ಹತ್ತುತ್ತವೆ. ವೀಳ್ಯದೆಲೆಯ ಬಳ್ಳಿ ಗೆಣ್ಣಿನ ಬೇರುಗಳಿಂದ ಅಂಟಿಕೊಂಡು ಹತ್ತುತ್ತದೆ. ಮಾರ್ನಿಂಗ್ ಗ್ಲೋರಿಗೆ ಈ ಎರಡೂ ಇಲ್ಲ. ಅದು ತನ್ನ ಮೈಯನ್ನೇ ಸುತ್ತಿ ಹತ್ತುತ್ತದೆ. ಎಳೆಯ ತುದಿ ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಆಸರೆಯನ್ನು ಅರಸುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹತ್ತುವ ಗಿಡಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇಂಥ ಸುತ್ತುಗಳನ್ನು ಗಂಟೆಗಳ ಲೆಕ್ಕದಲ್ಲಿ ಅಳೆದಿದ್ದಾನೆ. ಆಸರೆ ತೀರ ದಪ್ಪವಾಗಿದ್ದರೆ ಸುತ್ತು ಬಿಗಿಯಾಗದೆ ಬಳ್ಳಿ ಜಾರುತ್ತದೆ. ಜಗುಲಿಯ ಕಂಬ ನನಗೆ ಕಲಿಸಿದ ಪಾಠ ಇದೇ. ಸುತಲಿ ಹುರಿಯೋ ಬೆರಳು ಗಾತ್ರದ ಬಿದಿರು ಗಳವೋ ಸಾಕು. ಕಂಬಕ್ಕೇ ಹಬ್ಬಿಸಬೇಕೆಂದಿದ್ದರೆ ಅದರ ಪಕ್ಕದಲ್ಲಿ ಹುರಿ ಇಳಿಬಿಟ್ಟರಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮೇಲಿನಿಂದ ನೋಡಿದರೆ ಈ ಬಳ್ಳಿ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ಎಂದರೆ ಅಪ್ರದಕ್ಷಿಣವಾಗಿ. ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುತ್ತಿದ್ದ ಅಜ್ಜಿಯೇ ಇದನ್ನು ಮೊದಲು ಗಮನಿಸಿದವರು. "ನಿನ್ನ ಬಳ್ಳಿ ಉಲ್ಟಾ ಸುತ್ತುತ್ತಲ್ಲೋ!" ಎಂದರು. ನಾನು ತುದಿಯನ್ನು ಬಿಚ್ಚಿ ಪ್ರದಕ್ಷಿಣವಾಗಿ ಸುತ್ತಿ ಸಡಿಲವಾಗಿ ಕಟ್ಟಿದೆ. ಮರುದಿನ ನೋಡಿದರೆ ಕಟ್ಟಿನಿಂದ ಮೇಲಕ್ಕೆ ಬೆಳೆದ ಹೊಸ ತುದಿ ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಹುಟ್ಟುಗುಣವೆಂದರೆ ಇದೇ ಇರಬೇಕು.

ಗೊಬ್ಬರ, ನೀರು, ಬೆಳಕು

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ, ಇಷ್ಟು ಬೆರೆಸಿದರೆ ಆಯಿತು. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಗೆ ಹೋಗುತ್ತದೆ, ಹೂವಿಗೆ ಬರುವುದಿಲ್ಲ. ನನ್ನ ಯೂರಿಯಾ ಮಾಡಿದ ಕೆಲಸ ಅದು. ನೀರನ್ನು ಮಣ್ಣಿನ ಮೇಲ್ಪದರ ಒಣಗಿದಾಗ ಕೊಡಬೇಕು. ಕುಂಡದಲ್ಲಿ ನೀರು ನಿಲ್ಲಕೂಡದು. ಹಗಲು ಐದಾರು ಗಂಟೆಯ ಬಿಸಿಲು ಅವಶ್ಯಕ. ಐದಾರು ಎಲೆ ಬಂದಾಗ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಎಲೆಯ ಅಡಿಯಲ್ಲಿ ಹೇನು ಕಂಡರೆ ನೀರನ್ನು ರಭಸವಾಗಿ ಎರಚಿ ತೊಳೆಯಬಹುದು. ಬಿಳಿಯ ಬೊಕ್ಕೆಗಳೆದ್ದ ಎಲೆಗಳನ್ನು ಕಿತ್ತು ದೂರ ಹಾಕಬೇಕು. ಅದು ಬಿಳಿ ತುಕ್ಕು ಎಂಬ ರೋಗ.

ಇನ್ನು ಬೀದಿದೀಪದ ವಿಚಾರ. ಹೂ ಬಿಡುವುದಕ್ಕೆ ಕೆಲವು ಗಿಡಗಳಿಗೆ ದೀರ್ಘವಾದ ಹಗಲು ಬೇಕು. ಕೆಲವಕ್ಕೆ ದೀರ್ಘವಾದ ರಾತ್ರಿ ಬೇಕು. ಐಪೋಮಿಯ ನಿಲ್ ಎರಡನೆಯ ಬಗೆಯದು. ಈ ವಿಷಯದಲ್ಲಿ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದು ಪ್ರಸಿದ್ಧವಾದ ಗಿಡ. ಅದರ 'ವಯೊಲೆಟ್' ಎಂಬ ತಳಿಯಲ್ಲಿ, ಬೀಜದೆಲೆಗಳಷ್ಟೇ ಇರುವ ಎಳೆಯ ಸಸಿಗೆ ಒಂದೇ ಒಂದು ದೀರ್ಘ ರಾತ್ರಿ ಸಿಕ್ಕರೂ ಸಾಕು, ಮೊಗ್ಗಿಗೆ ಅಂಕುರವಾಗುತ್ತದೆ. ಆ ಕತ್ತಲೆಯ ನಡುವೆ ಸ್ವಲ್ಪ ಹೊತ್ತು ಕೆಂಪು ಬೆಳಕು ಹಾಯಿಸಿದರೆ ಅದು ತಪ್ಪಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಅತಿ ದೀರ್ಘವಾದ ಹಗಲೂ ಹದಿಮೂರು ಗಂಟೆ ಮೀರುವುದಿಲ್ಲ. ಆದುದರಿಂದ ಇಲ್ಲಿ ರಾತ್ರಿಗೆ ಬರವಿಲ್ಲ. ನಾವೇ ದೀಪ ಹಾಕಿ ಅದನ್ನು ಕೆಡಿಸದಿದ್ದರೆ ಸರಿ.

ಇದನ್ನು ಓದಿದ ಮೇಲೆ ಎರಡನೆಯ ವರ್ಷ ಒಂದೇ ಬೀಜ, ಒಂದೇ ಮಣ್ಣು, ಒಂದೇ ದಿನದ ಬಿತ್ತನೆ ಇಟ್ಟುಕೊಂಡು ಎರಡು ಕುಂಡ ಮಾಡಿದೆ. ಒಂದನ್ನು ಗೇಟಿನ ಬಳಿ ದೀಪದ ಕೆಳಗೂ ಇನ್ನೊಂದನ್ನು ಕತ್ತಲಿರುವ ಹಿತ್ತಿಲಿನಲ್ಲೂ ಇಟ್ಟೆ. ಹಿತ್ತಿಲಿನದು ಆಗಸ್ಟ್ ಮೂರನೆಯ ವಾರದಲ್ಲಿ ಅರಳಿತು. ಗೇಟಿನದು ಅದಕ್ಕಿಂತ ಹತ್ತೊಂಬತ್ತು ದಿನ ತಡ. ಒಂದೊಂದೇ ಕುಂಡದ ಪರೀಕ್ಷೆಯಿಂದ ಸಿದ್ಧಾಂತ ಮಾಡಲಾಗದೆಂಬುದನ್ನು ಬಲ್ಲೆ. ಹಿತ್ತಿಲಿಗೂ ಗೇಟಿಗೂ ಬಿಸಿಲಿನಲ್ಲಿಯೂ ವ್ಯತ್ಯಾಸವಿದ್ದೀತು. ಆದರೂ ಈ ವರ್ಷ ಗೇಟಿನ ಬಳಿ ನಾನು ಬಿತ್ತುವುದಿಲ್ಲ.

ಹೂವಿನ ಗಡಿಯಾರ

ಸೂರ್ಯನನ್ನು ಕಂಡು ಈ ಹೂವು ಅರಳುತ್ತದೆ ಎಂಬುದು ಸಾಮಾನ್ಯ ಭಾವನೆ. ಹಾಗಲ್ಲ. ಸೂರ್ಯ ಮೂಡುವ ಮೊದಲೇ ಅದು ಅರಳಿರುತ್ತದೆ. ಐಪೋಮಿಯ ನಿಲ್ ಮೊಗ್ಗು ಲೆಕ್ಕ ಹಾಕುವುದು ಹಿಂದಿನ ಸಂಜೆ ಕತ್ತಲಾದ ಹೊತ್ತಿನಿಂದ. ಹದವಾದ ಉಷ್ಣತೆಯಲ್ಲಿ ಕತ್ತಲಾದ ಸುಮಾರು ಹತ್ತು ಗಂಟೆಗಳ ಅನಂತರ ಅದು ಬಿಚ್ಚಿಕೊಳ್ಳುತ್ತದೆ. ಏಳಕ್ಕೆ ಕತ್ತಲಾದರೆ ಬೆಳಗಿನ ಐದರ ಸುಮಾರಿಗೆ ಹೂವು. ಪರೀಕ್ಷಿಸಲೆಂದು ಒಂದು ದಿನ ಸಂಜೆ ನಾಲ್ಕಕ್ಕೇ ಕುಂಡದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ, ಮೇಲೆ ಗೋಣಿ ಹೊದಿಸಿದೆ. ರಾತ್ರಿ ಮೂರಕ್ಕೆ ಎದ್ದು ದೀಪ ಹಿಡಿದು ನೋಡಿದರೆ ಹೂವು ಪೂರ್ತಿಯಾಗಿ ಅರಳಿ ನಿಂತಿತ್ತು! ಸೂರ್ಯೋದಯಕ್ಕೆ ಇನ್ನೂ ಮೂರು ಗಂಟೆಯಿತ್ತು. ಪರೀಕ್ಷೆಯ ಹಾಲಿನಲ್ಲಿ ಸಿಗದ ಸಂತೋಷ ಅಂದು ಸಿಕ್ಕಿತು.

ಬಣ್ಣದ ವಿಷಯವೂ ಹೀಗೆಯೇ ಬೆರಗಿನದು. ಹೆವನ್ಲಿ ಬ್ಲೂ ಮೊಗ್ಗು ಕೆಂಪುಮಿಶ್ರಿತ ನೇರಳೆ; ಅರಳಿದ ಹೂವು ಅಚ್ಚನೀಲಿ. ಬಣ್ಣದ ವಸ್ತು ಎರಡರಲ್ಲೂ ಒಂದೇ, ಆಂಥೋಸಯನಿನ್. ಬದಲಾಗುವುದು ಎಸಳಿನ ಕೋಶದೊಳಗಿನ ರಸದ ಆಮ್ಲತೆ. ಮೊಗ್ಗಿನಲ್ಲಿ ಅದರ ಪಿಎಚ್ ಸುಮಾರು 6.6; ಅರಳಿದಾಗ 7.7. ಜಪಾನಿನ ವಿಜ್ಞಾನಿಗಳು 1995ರಲ್ಲಿ ಇದನ್ನು ಅಳೆದು ತೋರಿಸಿದರು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವ ನಮ್ಮ ಹೆಂಗಸರಿಗೆ, ಕ್ಷಾರ ಬೆರೆತರೆ ಬಣ್ಣ ತಿರುಗುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಇಲ್ಲಿ ಹೂವು ತನ್ನ ಸುಣ್ಣವನ್ನು ತಾನೇ ಕಲಸಿಕೊಳ್ಳುತ್ತದೆ, ಅಷ್ಟೇ. ಬಿಸಿಲೇರಿದಂತೆ ಹೂವಿನ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಮುದುಡುವ ಹೂವು ಎಥಿಲೀನ್ ಎಂಬ ಅನಿಲವನ್ನು ತಾನೇ ಉತ್ಪತ್ತಿ ಮಾಡುತ್ತದೆ. ಬಾಡುವುದೂ ಅದಕ್ಕೆ ಒಂದು ಕೆಲಸವೇ ಹೊರತು ಬರಿಯ ಸೋಲಲ್ಲ.

ಡಾರ್ವಿನ್ನನ ಕುಂಡಗಳು

1876ರಲ್ಲಿ ಪ್ರಕಟವಾದ ಪರಕೀಯ ಮತ್ತು ಸ್ವಕೀಯ ಪರಾಗಸ್ಪರ್ಶವನ್ನು ಕುರಿತ ತನ್ನ ಗ್ರಂಥದಲ್ಲಿ ಡಾರ್ವಿನ್ ಮೊದಲು ವಿವರಿಸಿರುವ ಗಿಡ ಐಪೋಮಿಯ ಪರ್ಪ್ಯೂರಿಯ. ಒಂದೇ ಕುಂಡದ ಒಂದು ಬದಿಯಲ್ಲಿ ತನ್ನದೇ ಪರಾಗದಿಂದಾದ ಬೀಜವನ್ನೂ ಇನ್ನೊಂದು ಬದಿಯಲ್ಲಿ ಬೇರೆ ಗಿಡದ ಪರಾಗದಿಂದಾದ ಬೀಜವನ್ನೂ ಬಿತ್ತಿ, ಸಮನಾದ ಕೋಲುಗಳಿಗೆ ಹಬ್ಬಿಸಿ, ಎತ್ತರವನ್ನು ಅಳೆದನು. ಹೀಗೆ ಹತ್ತು ತಲೆಮಾರು. ಒಟ್ಟಿನಲ್ಲಿ ಬೇರೆ ಪರಾಗದ ಗಿಡಗಳ ಎತ್ತರ ನೂರಾದರೆ, ತನ್ನದೇ ಪರಾಗದವುಗಳ ಎತ್ತರ 77. ಆದರೆ ಆರನೆಯ ತಲೆಮಾರಿನಲ್ಲಿ ಸ್ವಕೀಯ ಪರಾಗದ ಒಂದು ಬಳ್ಳಿ ತನ್ನ ಎದುರಾಳಿಯನ್ನು ಅರ್ಧ ಅಂಗುಲದಿಂದ ಮೀರಿತು. ಆತ ಅದಕ್ಕೆ 'ಹೀರೋ' ಎಂದು ಹೆಸರಿಟ್ಟನು. ತನ್ನ ನಿಯಮಕ್ಕೆ ಎದುರಾದ ಆ ಬಳ್ಳಿಯ ಸಂತಾನವನ್ನು ಬೇರೆಯಾಗಿ ಬೆಳೆಸಿ ಪರೀಕ್ಷಿಸಿದನು. ತನ್ನ ವಾದಕ್ಕೆ ಒಗ್ಗದುದನ್ನು ಬಿಟ್ಟುಬಿಡುವ ನಮ್ಮಂಥ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು. ಡಾರ್ವಿನ್ ತನ್ನ ಸೋದರಸಂಬಂಧದಲ್ಲಿಯೇ ಮದುವೆಯಾಗಿದ್ದನು. ಆ ಕುಂಡಗಳ ಲೆಕ್ಕ ಆತನಿಗೆ ಕೇವಲ ಗಿಡದ ಲೆಕ್ಕವಾಗಿರಲಾರದು.

ಜಪಾನಿನ ಆದರ

ಈ ಹೂವಿಗೆ ಜಪಾನಿನಲ್ಲಿ ದೊರೆತಿರುವ ಆದರ ಬೇರೆಲ್ಲೂ ದೊರೆತಂತಿಲ್ಲ. ಅಲ್ಲಿ ಅದರ ಹೆಸರು 'ಅಸಗಾವೊ', ಎಂದರೆ ಬೆಳಗಿನ ಮುಖ. ನಾರಾ ಯುಗದ ಸುಮಾರಿಗೆ ಚೀನಾದಿಂದ ಭೇದಿಯ ಔಷಧಿಯಾಗಿ ಬಂದ ಐಪೋಮಿಯ ನಿಲ್, 19ನೆಯ ಶತಮಾನದ ಮೊದಲರ್ಧದಲ್ಲಿ ಜನರಿಗೆ ಹುಚ್ಚು ಹಿಡಿಸುವಷ್ಟು ಬೆಳೆಯಿತು. ಸೀಳಿದ ಎಸಳು, ಸುರುಟಿದ ಎಲೆ, ಜೋಡಿ ಹೂ ಹೀಗೆ ನೂರಾರು ವಿಚಿತ್ರ ರೂಪಗಳನ್ನು ಬೆಳೆಸಿದರು. ಇವುಗಳಲ್ಲಿ ಬಹುಪಾಲಿಗೆ ಕಾರಣ ಸ್ಥಳ ಬದಲಿಸುವ ಅನುವಂಶಿಕ ತುಣುಕುಗಳೆಂದು ಮುಂದೆ ತಿಳಿಯಿತು. 2016ರಲ್ಲಿ ಈ ಗಿಡದ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ಟೋಕಿಯೋದ ಇರಿಯಾ ಎಂಬಲ್ಲಿ ಜುಲೈ ತಿಂಗಳ ಆರಂಭದಲ್ಲಿ ಇದರದೇ ಸಂತೆ ನಡೆಯುತ್ತದೆ. ಒಂದನೆಯ ತರಗತಿಯ ಮಕ್ಕಳು ಶಾಲೆಯಲ್ಲಿ ತಲೆಗೊಂದು ಕುಂಡದಲ್ಲಿ ಇದನ್ನು ಬೆಳೆಸಿ ದಿನಚರಿ ಬರೆಯುವ ವಾಡಿಕೆಯೂ ಅಲ್ಲಿದೆ.

ಎರಡು ಎಚ್ಚರಿಕೆಗಳು

ಈಗ ಹೇಳಬೇಕಾದ ಮಾತು ನನಗೆ ಸುಲಭವಾದುದಲ್ಲ. ಕಳೆದ ವರ್ಷ ಕಾಯಿಗಳು ಕಂದುಬಣ್ಣಕ್ಕೆ ತಿರುಗಿದಾಗ ಬಿಡಿಸಿ, ಕಪ್ಪು ಬೀಜಗಳನ್ನು ಒಂದು ಖಾಲಿ ಮೆಣಸಿನ ಡಬ್ಬಿಗೆ ತುಂಬಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಚೀಟಿ ಅಂಟಿಸಲಿಲ್ಲ, ಮನೆಯವರಿಗೆ ಹೇಳಲೂ ಇಲ್ಲ. ಆಟವಾಡಲು ಬಂದ ನೆರೆಮನೆಯ ಐದು ವರ್ಷದ ಹುಡುಗ ಒಂದು ಚಿಟಿಕೆಯಷ್ಟು ತಿಂದುಬಿಟ್ಟ. ಸಂಜೆಯಿಂದ ವಾಂತಿ, ರಾತ್ರಿಯೆಲ್ಲ ಭೇದಿ. ಅವನ ತಾಯಿಯೊಡನೆ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಬೆಳಗಿನವರೆಗೆ ಕುಳಿತಿದ್ದೆ. ಹುಡುಗ ಮೂರನೆಯ ದಿನ ಚೇತರಿಸಿಕೊಂಡ. ಅವನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಐಪೋಮಿಯ ನಿಲ್ ಬೀಜದಲ್ಲಿ ತೀವ್ರವಾಗಿ ಭೇದಿ ಮಾಡಿಸುವ ರಾಳವಿದೆ. ಉತ್ತರ ಭಾರತದಲ್ಲಿ ಅದನ್ನು 'ಕಾಲಾದಾನಾ' ಎಂಬ ಹೆಸರಿನಿಂದ ಔಷಧಿಯಾಗಿ ಬಳಸುತ್ತ ಬಂದಿದ್ದಾರೆ. ಔಷಧಿಯೆಂದ ಮಾತ್ರಕ್ಕೆ ನಾವು ನೀವು ಮುಟ್ಟಬಹುದೆಂದಲ್ಲ. ಟ್ರೈಕಲರ್ ಬೀಜದಲ್ಲಿ ಬುದ್ಧಿಯನ್ನೇ ಕದಡುವ ಕ್ಷಾರಗಳಿವೆ. ಆದುದರಿಂದ ಬೀಜವನ್ನು ಅಡಿಗೆಮನೆಯಲ್ಲಿ ಇಡಲೇಕೂಡದು. ಹೆಸರು ಬರೆದ ಲಕೋಟೆಯಲ್ಲಿ, ಬೀಗವಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಮಕ್ಕಳು ಓಡಾಡುವ ಕಡೆ ಕಾಯಿ ಕಟ್ಟಲು ಬಿಡದೆ, ಬಾಡಿದ ಹೂವನ್ನು ಅಂದಂದೇ ಬುಡಸಹಿತ ಕಿತ್ತುಬಿಡುವುದು ಲೇಸು.

ಎರಡನೆಯ ಎಚ್ಚರಿಕೆ ನೆಲಕ್ಕೆ ಸಂಬಂಧಿಸಿದ್ದು. ಈ ಕುಟುಂಬದ ಕೆಲವು ಬಳ್ಳಿಗಳು ಬೇಲಿ ದಾಟಿದರೆ ಹಿಡಿತಕ್ಕೆ ಸಿಗುವುದಿಲ್ಲ. ನಮ್ಮ ಕೆರೆಯಂಗಳಗಳಲ್ಲಿ ತಿಳಿಗುಲಾಬಿ ಹೂ ಬಿಟ್ಟು ಪೊದೆಗಟ್ಟಿರುವ ಐಪೋಮಿಯ ಕಾರ್ನಿಯ ಅಮೆರಿಕದಿಂದ ಬಂದದ್ದೇ. ಹಿಂದಿಯಲ್ಲಿ ಅದನ್ನು 'ಬೇಶರಂ', ಎಂದರೆ ನಾಚಿಕೆಗೆಟ್ಟದ್ದು ಎನ್ನುತ್ತಾರೆ. ಮೇಕೆಗಳಿಗೆ ಅದು ವಿಷ. ಆದುದರಿಂದ ಮನೆಯಲ್ಲಿ ಒಂದು ವರ್ಷಕ್ಕೆ ಮುಗಿಯುವ ಬಗೆಗಳನ್ನೇ ಬೆಳೆಯಬೇಕು. ಕಿತ್ತ ಬಳ್ಳಿಯನ್ನು ಕಾಲುವೆಗೋ ಕೆರೆಗೋ ಎಸೆಯಬಾರದು.

ಮುಗಿಸುವ ಮುನ್ನ

ಅಜ್ಜಿಯ ಪ್ರಶ್ನೆಗೆ ಮರಳೋಣ. ಮಧ್ಯಾಹ್ನಕ್ಕೆ ಮುದುಡುವ ಹೂವಿಗೆ ಇಷ್ಟು ಉಪಚಾರವೇಕೆ? ಈ ಬಳ್ಳಿ ನನಗೆ ಬೆಳಗ್ಗೆ ಐದಕ್ಕೆ ಏಳುವುದನ್ನು ಕಲಿಸಿತು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂಬುದನ್ನು ತೋರಿಸಿತು. ನನ್ನ ಅಜಾಗ್ರತೆಯ ಬೆಲೆಯನ್ನು ಇನ್ನೊಬ್ಬರ ಮಗು ತೆತ್ತೀತೆಂಬ ಭಯವನ್ನೂ ಕಲಿಸಿತು. ಪುಸ್ತಕದಲ್ಲಿ ಓದಿದ್ದರೆ ಇವು ಮನಸ್ಸಿನಲ್ಲಿ ನಿಲ್ಲುತ್ತಿದ್ದವೋ ಇಲ್ಲವೋ.

ಈಗ ಬೆಳಗ್ಗೆ ನಾನು ಹಿತ್ತಿಲಿಗೆ ಹೋಗುವಾಗ ಅಜ್ಜಿ ತುಳಸಿಕಟ್ಟೆಯ ಬಳಿ ಇರುತ್ತಾರೆ. ಪ್ರದಕ್ಷಿಣೆ ಮುಗಿಸಿ ಬಳ್ಳಿಯ ಹತ್ತಿರ ಬಂದು, "ಇವತ್ತು ಎಷ್ಟು?" ಎಂದು ಕೇಳುತ್ತಾರೆ. ಹೂವನ್ನು ಅವರು ಕೀಳುವುದಿಲ್ಲ; ಎಣಿಸುತ್ತಾರೆ. ನೆರೆಮನೆಯ ಹುಡುಗನೂ ಬೇಲಿಯಾಚೆಯಿಂದ ಎಣಿಸುತ್ತಾನೆ. ಅವನ ಲೆಕ್ಕ ಯಾವಾಗಲೂ ಒಂದು ಹೆಚ್ಚು.

ಬರುವ ಮುಂಗಾರಿಗೆ ಯಾರಾದರೂ ಸಹಪಾಠಿಗಳು ಬಿತ್ತುವುದಾದರೆ ಬೀಜ ಕೊಡಲು ಸಿದ್ಧನಿದ್ದೇನೆ. ಲಕೋಟೆಯ ಮೇಲೆ ಹೆಸರೂ ಎಚ್ಚರಿಕೆಯೂ ಬರೆದೇ ಕೊಡುತ್ತೇನೆ.